ನೋಡು ಬೇರೆ, ನೋಡಿಕೋ ಬೇರೆ

ನ್ಯಾಮತಿ ಬಸ್ ಸ್ಟ್ಯಾಂಡಲ್ಲಿ ಬ್ಯಾಗ್ ಇಟ್ಟು, "ಅಕ್ಕಾ, ಸ್ವಲ್ಪ ನೋಡ್ಕೊಳ್ರೀ" ಅಂತ ನೀರು ತರೋಕೆ ಹೋಗ್ತೀವಲ್ಲ? ಆ ಅಕ್ಕ ಬ್ಯಾಗನ್ನ ಸುಮ್ನೆ ನೋಡ್ತಾ ಕೂರಲ್ಲ, ಕಾಯ್ತಾರೆ. 'ನೋಡು' ಜೊತೆ 'ಕೊಳ್ಳು' ಸೇರಿ ಅರ್ಥವೇ ಬದಲಾಯ್ತು. ಇಂಗ್ಲಿಷಲ್ಲೂ ಹಾಗೇ. ಲುಕ್ ಅಂದ್ರೆ ನೋಡು, ಲುಕ್ ಆಫ್ಟರ್ ಅಂದ್ರೆ ನೋಡಿಕೋ, ಲುಕ್ ಫಾರ್ ಅಂದ್ರೆ ಹುಡುಕು. ಇವೇ ಫ್ರೇಸಲ್ ವರ್ಬ್.

ಒಂದು ಕಡೆ ಮಾತ್ರ ಹುಷಾರು. ಬಸ್ ಇಳಿದು ಅಣ್ಣನಿಗೆ "ಬಂದು ಕರ್ಕೊಂಡು ಹೋಗು" ಅನ್ನಬೇಕು. 'ಪಿಕ್ ಅಪ್ ಮಿ' ಅಲ್ಲ, 'ಪಿಕ್ ಮಿ ಅಪ್'. ಮಿ, ಹಿಮ್, ಇಟ್ ಥರದ ಸರ್ವನಾಮ ಇಲ್ಲಿ ನಡುವೆಯೇ ಬರಬೇಕು. ಆದ್ರೆ ಲುಕ್ ಆಫ್ಟರ್ ಒಡೆಯಲ್ಲ: 'ಲುಕ್ ಆಫ್ಟರ್ ಇಟ್'. ನಿಯಮ ಉರು ಹೊಡೀಬೇಡಿ, ಪೂರ್ತಿ ವಾಕ್ಯವನ್ನ 10 ಸಲ ಜೋರಾಗಿ ಹೇಳಿ. ನಾಲಿಗೆಗೆ ತಾನೇ ಕೂರುತ್ತೆ.

ಇನ್ನು ನುಡಿಗಟ್ಟು: 'ಒನ್ಸ್ ಇನ್ ಎ ಬ್ಲೂ ಮೂನ್'. ಒಂದೇ ತಿಂಗಳಲ್ಲಿ ಬರೋ ಎರಡನೇ ಹುಣ್ಣಿಮೆಗೆ ಬ್ಲೂ ಮೂನ್ ಅಂತಾರೆ. 2023ರ ಆಗಸ್ಟ್‌ನಲ್ಲಿ ಬಂದಿತ್ತು. ಹಾಗಾಗಿ ಈ ನುಡಿಗಟ್ಟಿನ ಅರ್ಥ ತೀರಾ ಅಪರೂಪಕ್ಕೆ ಅಂತ. ನಮ್ಮಜ್ಜಿ ಇದನ್ನೇ "ಅಮಾಸೆಗೊಂದ್ಸಲ, ಹುಣ್ಣಿಮೆಗೊಂದ್ಸಲ ಬರ್ತೀಯಲ್ಲೋ" ಅಂತ ಕೇಳ್ತಿದ್ರು. ಅಲ್ಲೂ ಚಂದ್ರನೇ ಲೆಕ್ಕ, ಇಲ್ಲೂ ಚಂದ್ರನೇ ಲೆಕ್ಕ!