ಬರೆಯುವ ಕೋಣೆಯಿಲ್ಲದ ಕಾದಂಬರಿಕಾರ್ತಿ

ರಾಜಶೇಖರನ 'ಕಾವ್ಯಮೀಮಾಂಸೆ'ಯಲ್ಲಿ ಕವಿಯ ದಿನಚರಿಯನ್ನು ಕುರಿತು ಒಂದು ಅಧ್ಯಾಯವಿದೆ. ತರಗತಿಯಲ್ಲಿ ಅದನ್ನು ವಿವರಿಸುವಾಗಲೆಲ್ಲ ನನಗೆ ಒಂದಿಷ್ಟು ಅಸೂಯೆಯಾಗುವುದುಂಟು. ಕವಿಯ ಮನೆ ಆರು ಋತುಗಳಿಗೂ ಒಗ್ಗುವಂತಿರಬೇಕು. ಅಲ್ಲಿ ಉದ್ಯಾನ, ಕೊಳ, ಲತಾಮಂಟಪ, ಉಯ್ಯಾಲೆಗಳಿರಬೇಕು. ಹಗಲನ್ನು ಪ್ರಹರಗಳಾಗಿ ಭಾಗಿಸಿಕೊಂಡು ಒಂದರಲ್ಲಿ ವಿದ್ಯಾಭ್ಯಾಸ, ಮತ್ತೊಂದರಲ್ಲಿ ಕಾವ್ಯರಚನೆ, ಭೋಜನಾನಂತರ ಗೋಷ್ಠಿ, ಆಮೇಲೆ ಬೆಳಗ್ಗೆ ಬರೆದುದರ ಪರಿಶೀಲನೆ! ಹತ್ತನೆಯ ಶತಮಾನದ ಈ ಆಚಾರ್ಯನು ಉದಾರಿಯೇ ಸರಿ. ಪುರುಷರಂತೆ ಸ್ತ್ರೀಯರೂ ಕವಿಗಳಾಗಬಲ್ಲರೆಂದು ಅದೇ ಅಧ್ಯಾಯದಲ್ಲಿ ಹೇಳುತ್ತಾನೆ. ತನ್ನ ಮಡದಿ ಅವಂತಿಸುಂದರಿಯ ಅಭಿಪ್ರಾಯಗಳನ್ನೂ ಗ್ರಂಥದಲ್ಲಿ ಉಲ್ಲೇಖಿಸುತ್ತಾನೆ. ಆದರೆ ಆ ಸ್ತ್ರೀಕವಿಗೆ ಇಷ್ಟೊಂದು ಪ್ರಹರಗಳ ಬಿಡುವನ್ನು ಯಾರು ಒದಗಿಸಬೇಕೆಂಬುದನ್ನು ಮಾತ್ರ ಅವನು ಹೇಳಿಲ್ಲ.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಕಾಲೇಜಿನ ಕಥಾಸ್ಪರ್ಧೆಗಳಲ್ಲಿ ಬಹುಮಾನ ಪಡೆದ ಎಷ್ಟೋ ಹೆಣ್ಣುಮಕ್ಕಳು ನಾಲ್ಕೈದು ವರ್ಷಗಳ ತರುವಾಯ ಎದುರಾದಾಗ, "ಏನಮ್ಮ, ಬರೆಯುತ್ತಿದ್ದೀಯಾ?" ಎಂದು ನಾನು ಕೇಳುವುದುಂಟು. "ಪುರುಸೊತ್ತೆಲ್ಲಿ ಸಾರ್?" ಎಂಬುದೇ ಬಹುಮಟ್ಟಿಗೆ ಉತ್ತರ. ಆಗೆಲ್ಲ ನನ್ನ ನೆನಪಿಗೆ ಬರುವವರು, ನಮ್ಮ ವಿದ್ವಜ್ಜನರು ಸಾಮಾನ್ಯವಾಗಿ ಹೆಸರೆತ್ತದ ಒಬ್ಬ ಲೇಖಕಿ: ಇಂಗ್ಲೆಂಡಿನ ಅಗಾಥಾ ಕ್ರಿಸ್ಟಿ. ಪತ್ತೇದಾರಿ ಕಾದಂಬರಿ ಎಂದೊಡನೆ ಮೂಗು ಮುರಿಯುವುದು ನಮ್ಮಲ್ಲಿ ವಿದ್ವತ್ತಿನ ಲಕ್ಷಣವಾಗಿಬಿಟ್ಟಿದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕೈಹಿಡಿದು ಓದುವ ರುಚಿ ಹತ್ತಿಸಿಕೊಂಡವರು ಕೂಡ, ಅಧ್ಯಾಪಕರಾದ ಮೇಲೆ ಆ ಋಣವನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಅದಿರಲಿ.

ಕ್ರಿಸ್ಟಿಯವರು ೧೮೯೦ರಲ್ಲಿ ಹುಟ್ಟಿ ೧೯೭೬ರಲ್ಲಿ ತೀರಿಕೊಂಡರು. ಅರವತ್ತಾರು ಪತ್ತೇದಾರಿ ಕಾದಂಬರಿಗಳು, ಬೇರೊಂದು ಹೆಸರಿನಲ್ಲಿ ಬರೆದ ಆರು ಸಾಮಾಜಿಕ ಕಾದಂಬರಿಗಳು, ಕಥೆಗಳು, ನಾಟಕಗಳು ಅವರ ಲೇಖನಿಯಿಂದ ಬಂದವು. ಇಷ್ಟನ್ನು ಬರೆದವರ ಬರೆವಣಿಗೆಯ ಕೋಣೆಯನ್ನು ನೋಡಬೇಕೆಂದು ಪತ್ರಿಕಾಕರ್ತರು ಬಂದರೆ ಆಕೆಗೆ ಪೇಚಾಟವಾಗುತ್ತಿತ್ತಂತೆ. ಏಕೆಂದರೆ ತೋರಿಸಲು ಅಂಥ ಕೋಣೆಯೇ ಇರಲಿಲ್ಲ. ಅಲುಗಾಡದ ಒಂದು ಮೇಜು, ಒಂದು ಬೆರಳಚ್ಚು ಯಂತ್ರ, ಇವೆರಡಿದ್ದರೆ ಸಾಕಾಗಿತ್ತು. ಮಲಗುವ ಕೋಣೆಯಲ್ಲಿ ಮುಖ ತೊಳೆಯಲು ಇರಿಸಿದ್ದ ಅಮೃತಶಿಲೆಯ ಹಲಗೆಯ ಮೇಜು ಆಗಬಹುದು. ಒಂದು ಊಟಕ್ಕೂ ಮತ್ತೊಂದು ಊಟಕ್ಕೂ ನಡುವೆ ತೆರವಾಗಿರುವ ಊಟದ ಮೇಜೂ ಆಗಬಹುದು. "ಬರೆಯಲು ಹೋಗುತ್ತೇನೆ" ಎಂದು ಮನೆಯವರ ಮುಂದೆ ಹೇಳುವುದಕ್ಕೇ ಆಕೆಗೆ ನಾಚಿಕೆ. ಎಲುಬು ಕಚ್ಚಿಕೊಂಡು ಸದ್ದಿಲ್ಲದೆ ಮರೆಯಾಗುವ ನಾಯಿಗೆ ಆತ್ಮಕಥೆಯಲ್ಲಿ ತಮ್ಮನ್ನು ತಾವೇ ಹೋಲಿಸಿಕೊಂಡಿದ್ದಾರೆ.

ಮೊದಲ ಕಾದಂಬರಿ ಮನಸ್ಸಿನಲ್ಲಿ ಮೊಳೆತದ್ದು ಮೊದಲ ಮಹಾಯುದ್ಧದ ಕಾಲದಲ್ಲಿ, ಟಾರ್ಕಿ ಎಂಬ ಕಡಲತೀರದ ಊರಿನ ಆಸ್ಪತ್ರೆಯಲ್ಲಿ. ಔಷಧ ಬೆರೆಸಿಕೊಡುವ ವಿಭಾಗದಲ್ಲಿ ಆಕೆಗೆ ಕೆಲಸ. ಸುತ್ತಲೂ ವಿಷದ ಸೀಸೆಗಳು. ಕೆಲವು ಮಧ್ಯಾಹ್ನ ಏನೂ ಕೆಲಸವಿರುತ್ತಿರಲಿಲ್ಲ. ಕಥೆ ನಡುವೆ ತೊಡರಿಕೊಂಡಾಗ ತಾಯಿಯ ಸಲಹೆಯಂತೆ ರಜೆ ಹಾಕಿ ಡಾರ್ಟ್‌ಮೂರ್ ಬಯಲಿನ ಒಂದು ಹೋಟೆಲಿಗೆ ಹೋದರು. ಬೆಳಗ್ಗೆಯೆಲ್ಲ ಕೈಬರಹ, ಮಧ್ಯಾಹ್ನ ಬಯಲಿನಲ್ಲಿ ಒಂಟಿಯಾಗಿ ಅಡ್ಡಾಡುತ್ತ, ಮರುದಿನ ಬರೆಯಬೇಕಾದ ಪಾತ್ರಗಳ ಮಾತನ್ನೆಲ್ಲ ತಾವೇ ಗಟ್ಟಿಯಾಗಿ ಆಡಿನೋಡುವುದು, ರಾತ್ರಿ ಗಾಢ ನಿದ್ರೆ. ರಾಜಶೇಖರ ಮೆಚ್ಚಬಹುದಾಗಿದ್ದ ದಿನಚರಿ ಆಕೆಯ ಪಾಲಿಗೆ ಬಂದದ್ದು ಆ ಎರಡು ವಾರ. ಆ ಪುಸ್ತಕ ೧೯೨೦ರಲ್ಲಿ ಹೊರಬಂದಾಗ, ಅದರಲ್ಲಿ ವಿಷಪ್ರಯೋಗದ ವಿವರ ಸರಿಯಾಗಿದೆಯೆಂದು ಔಷಧಶಾಸ್ತ್ರದ ಪತ್ರಿಕೆಯೊಂದು ಹೊಗಳಿತು. ಆ ಹೊಗಳಿಕೆ ಆಕೆಗೆ ಬಹಳ ಹಿತವಾಗಿತ್ತು.

ನನ್ನ ದೃಷ್ಟಿಯಲ್ಲಿ ಆಕೆ ನಿಜವಾಗಿ ಲೇಖಕಿಯಾದದ್ದು ಇಲ್ಲಿ ಅಲ್ಲ. ೧೯೨೬ರ ವಸಂತದಲ್ಲಿ ತಾಯಿ ತೀರಿಕೊಂಡರು. ಅದೇ ವರ್ಷ ಪತಿ ಬೇರೊಬ್ಬಳನ್ನು ಬಯಸಿ ವಿಚ್ಛೇದನ ಕೇಳಿದರು. ಡಿಸೆಂಬರಿನಲ್ಲಿ ಆಕೆ ಹನ್ನೊಂದು ದಿನ ಕಾಣೆಯಾದರು. ಇಡೀ ದೇಶವೇ ಹುಡುಕಿತು. ಕೊನೆಗೆ ಹ್ಯಾರೊಗೇಟಿನ ಹೋಟೆಲೊಂದರಲ್ಲಿ ಪತ್ತೆಯಾದರು. ಆತ್ಮಕಥೆಯಲ್ಲಿ ಆಕೆ ಈ ಹನ್ನೊಂದು ದಿನಗಳ ಸುದ್ದಿಯನ್ನೇ ಎತ್ತಿಲ್ಲ. ಬರೆದವರೆಲ್ಲ ಇದನ್ನೇ ಕೆದಕಿ ಕೆದಕಿ ಬರೆದಿದ್ದಾರೆ. ಅದಕ್ಕಿಂತ ಹೆಚ್ಚು ಕುತೂಹಲಕರವಾದ ಸಂಗತಿ ಅದಾದ ಮರುವರ್ಷದ್ದು. ೧೯೨೭ರ ಆರಂಭದಲ್ಲಿ ಪುಟ್ಟ ಮಗಳನ್ನೂ ಕಾರ್ಯದರ್ಶಿಯನ್ನೂ ಕರೆದುಕೊಂಡು ಆಕೆ ಕ್ಯಾನರಿ ದ್ವೀಪಗಳಿಗೆ ಹೋದರು. ಕೈಯಲ್ಲಿ ಹಣವಿಲ್ಲ. ಪ್ರಕಾಶಕರಿಗೆ 'ನೀಲಿ ರೈಲಿನ ರಹಸ್ಯ'ವನ್ನು ಮುಗಿಸಿಕೊಡಲೇಬೇಕು. ಮನಸ್ಸಿನಲ್ಲಿ ಕಥೆಯಿಲ್ಲ, ಉತ್ಸಾಹವಿಲ್ಲ. ಆಟಕ್ಕೆ ಕರೆಯುವ ಮಗಳು ಪದೇ ಪದೇ ಬಂದು ನಿಲ್ಲುತ್ತಾಳೆ. ಆಕೆ ಹೇಳುತ್ತಾ ಹೋದರು, ಕಾರ್ಯದರ್ಶಿ ಬರೆದುಕೊಳ್ಳುತ್ತಾ ಹೋದರು. ಒಂದೊಂದು ವಾಕ್ಯವೂ ಹಟದಿಂದ ಬಂದದ್ದು. ೧೯೨೮ರಲ್ಲಿ ಪ್ರಕಟವಾದ ಆ ಪುಸ್ತಕವನ್ನು ಆಕೆ ಜೀವನಪೂರ್ತಿ ದ್ವೇಷಿಸಿದರು. ಆದರೆ ಹವ್ಯಾಸಿಯಾಗಿದ್ದ ತಾವು ವೃತ್ತಿಪರ ಲೇಖಕಿಯಾದದ್ದು ಆಗಲೇ ಎಂದು ಅವರೇ ಗುರುತಿಸಿಕೊಂಡಿದ್ದಾರೆ. ಮನಸ್ಸಿಲ್ಲದಾಗ, ಬರೆಯುತ್ತಿರುವುದು ಹಿಡಿಸದಾಗ, ಅದು ಚೆನ್ನಾಗಿ ಬರುತ್ತಿಲ್ಲವೆಂದು ತಿಳಿದಾಗಲೂ ಬರೆಯುವ ಹೊರೆಯನ್ನು ಹೊತ್ತುಕೊಳ್ಳುವುದು: ವೃತ್ತಿಯೆಂದರೆ ಆಕೆಯ ಪಾಲಿಗೆ ಇದು. ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳೆಂದು ನಾವು ಹಲಗೆಯ ಮೇಲೆ ಬರೆಯುವ ಕಾವ್ಯಹೇತುಗಳ ಪಟ್ಟಿಯಲ್ಲಿ ಈ ಹಟಕ್ಕೆ ಒಂದು ಹೆಸರಿಲ್ಲ. ಅಭ್ಯಾಸವೆಂಬ ಮಾತು ಇದಕ್ಕೆ ತೀರ ಸೌಮ್ಯವಾಯಿತು.

ಆಕೆಯ ಮನೆಯಲ್ಲಿ ಸೇವಕರಿದ್ದರೆಂಬುದನ್ನು ಇಲ್ಲಿ ಮರೆಯಬಾರದು. ಮಡಕೆ ತಿಕ್ಕಿ ಮಕ್ಕಳನ್ನು ಮಲಗಿಸಿ ಆಮೇಲೆ ಕಾಗದ ಹಿಡಿಯಬೇಕಾದ ನಮ್ಮ ಹೆಣ್ಣುಮಕ್ಕಳ ಪಾಡಿಗೂ ಆಕೆಯ ಪಾಡಿಗೂ ಅಂತರ ಬಹಳ. ಆದರೂ ಮನೆವಾರ್ತೆಯೂ ಬರೆವಣಿಗೆಯೂ ಆಕೆಯಲ್ಲಿ ಹೇಗೆ ಕಲೆತುಹೋಗಿದ್ದುವೆಂಬುದಕ್ಕೆ ಸಾಕ್ಷಿ ಬೇಕಾದರೆ, ಉಳಿದುಬಂದಿರುವ ಎಪ್ಪತ್ತಮೂರು ಟಿಪ್ಪಣಿ ಪುಸ್ತಕಗಳನ್ನು ನೋಡಬೇಕು. ಅವುಗಳನ್ನು ಅಭ್ಯಾಸಮಾಡಿ ಜಾನ್ ಕರನ್ ೨೦೦೯ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಶಾಲಾ ಮಕ್ಕಳ ಬರಹದ ಪುಸ್ತಕಗಳಂಥವು. ಕ್ರಮವಿಲ್ಲ, ತಾರೀಖಿಲ್ಲ, ಅಕ್ಷರವಂತೂ ದೇವರಿಗೇ ಪ್ರೀತಿ. ಯಾರಿಗೆ ಯಾವ ವಿಷ ಎಂಬ ಲೆಕ್ಕಾಚಾರದ ಪಕ್ಕದಲ್ಲೇ ಕ್ರಿಸ್‌ಮಸ್ ಉಡುಗೊರೆಗಳ ಪಟ್ಟಿ, ಮನೆಗೆ ಬೇಕಾದ ಸಾಮಾನುಗಳ ಪಟ್ಟಿ. ಕಥೆಗಳು ಹೊಳೆಯುತ್ತಿದ್ದುದು ಪಾತ್ರೆ ತೊಳೆಯುವಾಗ, ಇಲ್ಲವೇ ಸ್ನಾನದ ತೊಟ್ಟಿಯಲ್ಲಿ ಕುಳಿತು ಸೇಬು ತಿನ್ನುವಾಗ. ತಮ್ಮ ಕಾದಂಬರಿಗಳಲ್ಲಿ ಸೃಷ್ಟಿಸಿದ ಲೇಖಕಿ ಆರಿಯಾಡ್ನೆ ಆಲಿವರಳ ಕೈಗೂ ಆಕೆ ಸೇಬನ್ನು ಕೊಟ್ಟು, ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡಿದ್ದಾರೆ.

ಬರೆಯುವ ಹೆಣ್ಣಿಗೆ ತನ್ನದೇ ಒಂದು ಕೋಣೆ ಬೇಕೆಂದು ವರ್ಜೀನಿಯಾ ವುಲ್ಫ್ ವಾದಿಸಿದ್ದು ೧೯೨೯ರಲ್ಲಿ. ಕ್ರಿಸ್ಟಿಯವರಿಗೆ ಅಂಥ ಕೋಣೆ ಸಿಕ್ಕಿದ್ದು ಅರವತ್ತರ ಆಸುಪಾಸಿನಲ್ಲಿ. ಅದೂ ಇರಾಕಿನ ನಿಮ್ರೂದಿನಲ್ಲಿ. ೧೯೩೦ರಲ್ಲಿ ಕೈಹಿಡಿದ ಎರಡನೆಯ ಪತಿ, ಪುರಾತತ್ತ್ವಜ್ಞ ಮ್ಯಾಕ್ಸ್ ಮ್ಯಾಲೊವನ್, ಅಲ್ಲಿ ಅಸ್ಸೀರಿಯನ್ನರ ನಗರವನ್ನು ಅಗೆಸುತ್ತಿದ್ದರು. ಐವತ್ತು ಪೌಂಡು ಕೊಟ್ಟು ಕಟ್ಟಿಸಿಕೊಂಡ ಹಸಿಯಿಟ್ಟಿಗೆಯ ಚೌಕದ ಕೋಣೆ. ಬಾಗಿಲ ಮೇಲೆ 'ಅಗಾಥಾಳ ಮನೆ' ಎಂದು ಆ ನಾಡಿನ ಪ್ರಾಚೀನ ಬೆಣೆಲಿಪಿಯಲ್ಲಿ ಫಲಕ. ೧೯೫೦ರಲ್ಲಿ ಆತ್ಮಕಥೆಯನ್ನು ಆರಂಭಿಸಿದ್ದು ಅಲ್ಲಿಯೇ. ಆದರೆ ಅಲ್ಲಿಯೂ ದಿನವೆಲ್ಲ ಬರೆವಣಿಗೆಯಲ್ಲ. ನೆಲದಿಂದ ತೆಗೆದ ದಂತದ ಕೆತ್ತನೆಗಳನ್ನು ಹೆಣಿಗೆಯ ಕಡ್ಡಿಯಿಂದಲೂ ಮುಖಕ್ಕೆ ಹಚ್ಚುವ ಲೇಪದಿಂದಲೂ ಶುಚಿಗೊಳಿಸುವ ಕೆಲಸ ಆಕೆಯದು. ಕೆಲವೇ ದಿನಗಳಲ್ಲಿ ತಮ್ಮ ಮುಖಕ್ಕೆ ಲೇಪವೇ ಉಳಿಯಲಿಲ್ಲವೆಂದು ನಕ್ಕಿದ್ದಾರೆ.

ಇನ್ನು ಆಕೆಯ ವಿನೋದ. ಎಳೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ಪಿಯಾನೋ ಕಲಿತರು. ಸಭೆಯ ಮುಂದೆ ಕುಳಿತರೆ ಕೈ ನಡುಗುತ್ತಿದ್ದುದರಿಂದ ಆ ಆಸೆ ಅಲ್ಲಿಗೇ ಮುಗಿಯಿತು. ಮುಂದೆ ಡೆವನ್ನಿನ ಗ್ರೀನ್‌ವೇ ಎಂಬ ತಮ್ಮ ರಜೆಯ ಮನೆಯಲ್ಲಿ, ಕೇಳುವವರು ಯಾರೂ ಇಲ್ಲದಾಗ ಮಾತ್ರ ನುಡಿಸುತ್ತಿದ್ದರಂತೆ. ಅದೇ ಮನೆಯಲ್ಲಿ ಬೇಸಗೆಯ ಸಂಜೆಗಳಲ್ಲಿ ಹೊಸ ಕಾದಂಬರಿಯನ್ನು ಅಧ್ಯಾಯ ಅಧ್ಯಾಯವಾಗಿ ಮನೆಯವರಿಗೆ ಓದಿಹೇಳುವುದು, ಕೊಲೆಗಾರ ಯಾರೆಂದು ಅವರು ಊಹಿಸುವುದು ಒಂದು ಆಟವಾಗಿತ್ತು. ನಮ್ಮ ಗಮಕಿಗಳ ಮುಂದೆ ಕುಳಿತವರಿಗೆ ಕಥೆ ಮೊದಲೇ ಗೊತ್ತಿರುತ್ತದೆ, ಸವಿ ಇರುವುದು ಹೇಳುವ ಬಗೆಯಲ್ಲಿ. ಇಲ್ಲಿ ತಿಳಿಯದಿರುವುದೇ ಸವಿ.

ಎಲ್ಲಕ್ಕಿಂತ ಪ್ರಿಯವಾದದ್ದು ರಂಗಭೂಮಿ. ಬಾಲ್ಯದಲ್ಲಿ ಟಾರ್ಕಿಯ ನಾಟಕಶಾಲೆಯಿಂದ ಹತ್ತಿದ ಗೀಳು ಅದು. ೧೯೨೮ರಲ್ಲಿ ಬೇರೊಬ್ಬರು ತಮ್ಮ ಕಾದಂಬರಿಯನ್ನು ರಂಗಕ್ಕೆ ತಂದಾಗ ಮಾಡಿದ ಬದಲಾವಣೆಗಳು ಹಿಡಿಸದೆ ಆಕೆ ತಾವೇ ನಾಟಕ ಬರೆಯತೊಡಗಿದರು. ಕಾದಂಬರಿಗಿಂತ ನಾಟಕ ಬರೆಯುವುದೇ ಹೆಚ್ಚು ಮೋಜು ಎನ್ನುತ್ತಿದ್ದರು. ಪಿಯಾನೋ ಮುಂದೆ ನಡುಗಿದ ಹುಡುಗಿಗೆ ಇಲ್ಲಿ ಬೇರೆಯವರು ಬೆಳಕಿನಲ್ಲಿ ನಿಂತರು, ತಾನು ಕತ್ತಲಲ್ಲಿ ಕುಳಿತು ಸಭೆಯ ಉಸಿರನ್ನು ಆಲಿಸಬಹುದಾಗಿತ್ತು ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಇದನ್ನು ಒಪ್ಪದವರೂ ಇರಬಹುದು.

ರಾಣಿ ಮೇರಿಯವರ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ೧೯೪೭ರಲ್ಲಿ ಬರೆದುಕೊಟ್ಟ ಒಂದು ಬಾನುಲಿ ನಾಟಕವನ್ನು ಆಕೆ 'ಇಲಿಬೋನು' ಎಂದು ಬೆಳೆಸಿದರು. ಅದು ಲಂಡನ್ನಿನಲ್ಲಿ ರಂಗಕ್ಕೇರಿದ್ದು ೧೯೫೨ರ ನವೆಂಬರ್ ೨೫ರಂದು. ಹದಿನಾಲ್ಕು ತಿಂಗಳು ನಡೆಯಬಹುದೆಂದು ನಿರ್ಮಾಪಕ ಪೀಟರ್ ಸಾಂಡರ್ಸ್ ಅಂದಾಜು ಮಾಡಿದರೆ, ಎಂಟೇ ತಿಂಗಳೆಂದು ಆಕೆಯ ಅಂದಾಜು. ೨೦೨೦ರ ಮಾರ್ಚಿನಲ್ಲಿ ಸಾಂಕ್ರಾಮಿಕ ರೋಗ ಅದನ್ನು ನಿಲ್ಲಿಸುವ ತನಕ ನಡೆಯಿತು. ೨೦೨೧ರ ಮೇ ತಿಂಗಳಲ್ಲಿ ತೆರೆ ಮತ್ತೆ ಎದ್ದಿತು.

ಆ ನಾಟಕದ ಯಶಸ್ಸಿಗಾಗಿ ಸವಾಯ್ ಹೋಟೆಲಿನಲ್ಲಿ ಒಂದು ಭಾರಿ ಔತಣ ಏರ್ಪಟ್ಟಿತ್ತು. ಛಾಯಾಚಿತ್ರಕ್ಕೆಂದು ಮುಂಚಿತವಾಗಿ ಬರಬೇಕೆಂದು ಹೇಳಿದ್ದುದರಿಂದ ಆಕೆ ಒಬ್ಬರೇ ಬಂದರು. ಈಗಲೇ ಯಾರನ್ನೂ ಒಳಗೆ ಬಿಡುವಂತಿಲ್ಲವೆಂದು ಬಾಗಿಲಲ್ಲಿ ತಡೆದರು. "ನಾನೇ ಅಗಾಥಾ ಕ್ರಿಸ್ಟಿ" ಎಂದು ಹೇಳಲು ಬಾಯಿ ಬರಲಿಲ್ಲ. ಹಿಂದಿರುಗಿ ಹೋಟೆಲಿನ ಮೊಗಸಾಲೆಗಳಲ್ಲಿ ಸುಮ್ಮನೆ ಅಲೆದಾಡುತ್ತಿದ್ದವರನ್ನು ನಾಟಕದ ಕಡೆಯವರು ಕಂಡು ಒಳಗೆ ಕರೆದೊಯ್ದರು. ಐವತ್ತಕ್ಕೂ ಮಿಕ್ಕಿ ಪುಸ್ತಕಗಳು ಅಚ್ಚಾಗಿದ್ದ ಆ ಹೊತ್ತಿನಲ್ಲೂ ತಾನು ಲೇಖಕಿಯೆಂದು ನಟಿಸುತ್ತಿರುವಂತೆಯೇ ಆಕೆಗೆ ಅನ್ನಿಸುತ್ತಿತ್ತಂತೆ. ಸರಕಾರಿ ಕಾಗದಗಳಲ್ಲಿ ಉದ್ಯೋಗವನ್ನು ಕೇಳುವ ಜಾಗದಲ್ಲಿ ಆಕೆ ತುಂಬುತ್ತಿದ್ದುದು, 'ವಿವಾಹಿತ ಸ್ತ್ರೀ' ಎಂದು.