ವೈದ್ಯವಿದ್ಯಾರ್ಥಿಗಳ ಮನೋಧರ್ಮ ಮತ್ತು ಸಂವಹನದ ಮೌಲ್ಯಮಾಪನ: ಒಂದು ಭಾಷಿಕ ವಿವೇಚನೆ

ವೈದ್ಯವಿದ್ಯಾರ್ಥಿಯ ತಿಳಿವಳಿಕೆಯನ್ನು ಪ್ರಶ್ನೆಪತ್ರಿಕೆಯಿಂದ ಅಳೆಯಬಹುದು. ರೋಗಿಯನ್ನು ಆತ ಕಾಣುವ ಬಗೆಯನ್ನು ಅಳೆಯುವುದು ಹೇಗೆ? ಭಾರತೀಯ ವೈದ್ಯಕೀಯ ಪರಿಷತ್ತು ಮನೋಧರ್ಮ, ನೀತಿ ಹಾಗೂ ಸಂವಹನಗಳನ್ನು ಕುರಿತ ‘ಎಟ್‌ಕಾಮ್’ ಪಠ್ಯಘಟಕವನ್ನು 2018ರಲ್ಲಿ ಪ್ರಕಟಿಸಿ, 2019ರಲ್ಲಿ ಎಂ.ಬಿ.ಬಿ.ಎಸ್. ಸೇರಿದವರಿಂದ ಜಾರಿಗೆ ತಂದಿತು. ಅಂದಿನಿಂದ ಈ ಪ್ರಶ್ನೆ ನಮ್ಮ ಕಾಲೇಜುಗಳದ್ದೂ ಆಗಿದೆ. ಇಂಥ ಮೌಲ್ಯಮಾಪನದಲ್ಲಿ ರೋಗಿಯ ಭಾಷೆಗಿರುವ ಸ್ಥಾನವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಬಗೆಯ ಪರೀಕ್ಷೆಗಳಲ್ಲಿ ಪ್ರಮುಖವಾದುದು ‘ಓಎಸ್‌ಸಿಇ’. ಸ್ಕಾಟ್ಲೆಂಡಿನ ಡಂಡೀಯ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಇದನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಸರದಿಯಂತೆ ಹಲವು ಮೇಜುಗಳಿಗೆ ಹೋಗಿ, ಗೊತ್ತುಪಡಿಸಿದ ಅವಧಿಯಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುತ್ತಾರೆ. ನಮಸ್ಕರಿಸಿದನೆ, ಹೆಸರು ಹೇಳಿಕೊಂಡನೆ, ಒಪ್ಪಿಗೆ ಕೇಳಿದನೆ ಎಂದು ಪರೀಕ್ಷಕರು ಸಿದ್ಧಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಎಲ್ಲರಿಗೂ ಒಂದೇ ಅಳತೆಗೋಲು ದೊರೆಯುವುದು ಇದರ ಗುಣ. ಆದರೆ ಪಟ್ಟಿಯು ನಮಸ್ಕಾರವನ್ನು ಎಣಿಸಬಲ್ಲದು; ಅದರ ಹಿಂದಿನ ಗೌರವವನ್ನಲ್ಲ.

ಕನ್ನಡದಲ್ಲಿ ಈ ಗೌರವವು ವ್ಯಾಕರಣದಲ್ಲಿಯೇ ವ್ಯಕ್ತವಾಗುತ್ತದೆಂಬುದು ಗಮನಾರ್ಹ. ‘ಎಷ್ಟು ದಿನದಿಂದ ನೋವು?’ ಎಂಬುದು ತಟಸ್ಥ ಪ್ರಶ್ನೆ. ‘ಯಾವಾಗ ಬಂದೆ?’, ‘ಯಾವಾಗ ಬಂದ್ರಿ?’ ಎಂಬಲ್ಲಿ ಕ್ರಿಯಾಪದದ ಪ್ರತ್ಯಯವೇ ವೈದ್ಯನ ಮನೋಧರ್ಮವನ್ನು ಸೂಚಿಸುತ್ತದೆ. ಹಾಗೆಂದು ಏಕವಚನವೆಲ್ಲ ಅಗೌರವವಲ್ಲ. ‘ಎಲ್ಲಿ ನೋವೈತಿ ಯವ್ವಾ, ತೋರ್ಸು’ ಎಂಬ ಉತ್ತರ ಕರ್ನಾಟಕದ ಮಾತಿನಲ್ಲಿರುವುದು ಅಕ್ಕರೆ. ಈ ವ್ಯತ್ಯಾಸವನ್ನು ಇಂಗ್ಲಿಷಿನ ಪಟ್ಟಿ ಹಿಡಿಯಲಾರದು. ಪ್ರಾದೇಶಿಕ ಬಳಕೆಯನ್ನು ಬಲ್ಲ ಪರೀಕ್ಷಕ ಹಿಡಿಯಬಲ್ಲ.

ಅರ್ಥಗ್ರಹಣದ ಸಮಸ್ಯೆಯೂ ಇಷ್ಟೇ ಗಂಭೀರ. ‘ಹೊರಗಾಗಿದ್ದೇನೆ’ ಎಂದರೆ ಮುಟ್ಟು. ‘ಹೊರಕಡೆಗೆ ಹೋಗಿಲ್ಲ’ ಎಂದರೆ ಮಲವಿಸರ್ಜನೆಯಾಗಿಲ್ಲ. ‘ಸಂಕಟ’ವು ಹೊಟ್ಟೆ ತೊಳಸುವುದೂ ಆಗಬಹುದು, ಎದೆಯ ಬೇನೆಯೂ ಆಗಬಹುದು, ಮನೋವ್ಯಥೆಯೂ ಆಗಬಹುದು. ಇಲ್ಲಿ ‘ಸಂಕಟ ಅಂದ್ರೆ ಹೇಗಾಗ್ತದೆ, ಎಲ್ಲಿ?’ ಎಂದು ಮರಳಿ ಕೇಳುವ ತಾಳ್ಮೆಯೇ ಸಂವಹನ ಕೌಶಲ. ಕೇಳದೆ ಬರೆದುಕೊಂಡರೆ ಹೃದಯದ ಕಾಯಿಲೆ ಅಜೀರ್ಣವಾಗಿ ದಾಖಲಾಗುವ ಅಪಾಯವಿದೆ.

ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯನ ಸಾಮರ್ಥ್ಯವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿತ್ಯದಲ್ಲಿ ಮಾಡುವುದು. ಓಎಸ್‌ಸಿಇ ಮೂರನೆಯ ಹಂತದವರೆಗೆ ಮಾತ್ರ ತಲುಪುತ್ತದೆ. ಪರೀಕ್ಷಕರಿಲ್ಲದ ರಾತ್ರಿಪಾಳಿಯಲ್ಲಿ ವಿದ್ಯಾರ್ಥಿಯ ಬಾಯಲ್ಲಿ ಯಾವ ವಚನ ಬರುತ್ತದೆಂಬುದನ್ನು ದಾದಿಯರು, ರೋಗಿಗಳು ಹಾಗೂ ಹಿರಿಯ ಸಹೋದ್ಯೋಗಿಗಳು ಬಲ್ಲರು. ಆದ್ದರಿಂದ ಒಂದು ದಿನದ ಅಂಕಕ್ಕಿಂತ ವಾರ್ಡಿನಲ್ಲಿ ಹಲವರು ಹಲವು ಬಾರಿ ಮಾಡಿದ ಅವಲೋಕನ ಹೆಚ್ಚು ವಿಶ್ವಾಸಾರ್ಹ. ಆ ಅವಲೋಕನವು ರೋಗಿ ಆಡುವ ಕನ್ನಡದಲ್ಲಿಯೇ ನಡೆಯಬೇಕಾದುದು ಅಗತ್ಯ. ಇದಕ್ಕೆ ಬೇಕಾದ ಪ್ರಾದೇಶಿಕ ರೋಗಪದಕೋಶವನ್ನು ವೈದ್ಯರೊಡಗೂಡಿ ರೂಪಿಸುವ ಹೊಣೆ ಕನ್ನಡ ವಿಭಾಗಗಳ ಮೇಲಿದೆ.