ಕತೆಯೂ ಕತ್ತೆಯೂ

ವರ್ಣಮಾಲೆಯ 49 ಅಕ್ಷರಗಳನ್ನು ತಪ್ಪಿಲ್ಲದೆ ಒಪ್ಪಿಸುವ ಬಾಲಕನ ಮುಂದೆ ‘ಕತ್ತೆ’ ಎಂದು ಬರೆದಿಟ್ಟರೆ, ಅನೇಕ ವೇಳೆ ಅವನು ‘ಕತೆ’ ಎಂದು ಓದಿ ನಮ್ಮ ಮುಖವನ್ನು ನೋಡುವನು. ತಂದೆಯು ಮಗನನ್ನು ಹಳಿಯುವನು. ಉಪಾಧ್ಯಾಯರು ಮನೆಯವರನ್ನು ಹಳಿಯುವರು. ದೋಷವಿರುವುದು ಕಲಿಸುವ ಕ್ರಮದಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಇಂಗ್ಲಿಷಿನಲ್ಲಿ ಅಕ್ಷರದ ಹೆಸರೊಂದು, ಉಚ್ಚಾರ ಮತ್ತೊಂದು. ‘ಸಿ’ ಎಂದು ಕಲಿತದ್ದನ್ನು ‘ಕ್ಯಾಟ್’ ಎಂಬಲ್ಲಿ ಕಕಾರವಾಗಿ ನುಡಿಯಬೇಕು. ಆದುದರಿಂದ ಆ ದೇಶದವರು ಧ್ವನಿಯನ್ನೇ ಮುಂದಿಟ್ಟು ಕಲಿಸುವ ಫೋನಿಕ್ಸ್ ಪದ್ಧತಿಯನ್ನು ಆಶ್ರಯಿಸಿರುತ್ತಾರೆ. ಇಂಗ್ಲೆಂಡಿನಲ್ಲಿ 2012ರಲ್ಲಿ ಆರಂಭವಾದ ಓದಿನ ಪರೀಕ್ಷೆಯಲ್ಲಿ ಮಗುವು 40 ಶಬ್ದಗಳನ್ನು ಓದಬೇಕು. ಅವುಗಳಲ್ಲಿ ಅರ್ಧದಷ್ಟು ಅರ್ಥವೇ ಇಲ್ಲದವು. ಬಾಯಿಪಾಠದಿಂದ ಬಂದುದು ಓದಲ್ಲವೆಂಬುದೇ ಇದರ ಮರ್ಮ.

ನಮ್ಮಲ್ಲಿಯಾದರೋ ಅಕ್ಷರದ ಹೆಸರೇ ಅದರ ಧ್ವನಿ. ‘ಮ’, ‘ರ’ ಎಂಬಿವನ್ನು ಕೂಡಿಸಿದರೆ ‘ಮರ’ವಾಯಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ ನಾಡಿನಲ್ಲೆಲ್ಲ ಹಬ್ಬಿದ ‘ನಲಿ-ಕಲಿ’ ತರಗತಿಗಳಲ್ಲಿ ಅಕಾರಾದಿ ಕ್ರಮವನ್ನು ಬದಿಗಿಟ್ಟು ‘ರ, ಗ, ಸ, ದ, ಅ’ಗಳಿಂದ ಪಾಠವನ್ನು ತೊಡಗಿಸಿದ್ದು ವಿವೇಕದ ಕಾರ್ಯವೇ ಸರಿ. ಈ ಐದರಿಂದಲೇ ಸರ, ರಸ, ದರ, ಅರಸ, ಅಗಸ, ಗರಗಸಗಳು ಹುಟ್ಟುವವು. ವರ್ಣಮಾಲೆ ಮುಗಿಯುವುದಕ್ಕೆ ಬಹಳ ಮುಂಚೆಯೇ ಮಗುವಿಗೆ ಓದಿನ ರುಚಿ ಹತ್ತುವುದು.

ತೊಡಕಿರುವುದು ಒತ್ತಕ್ಷರದಲ್ಲಿ. ‘ಕತ್ತೆ’ಯನ್ನು ಕಣ್ಣು ‘ಕ–ತ್ತೆ’ ಎಂದು ಒಡೆಯುವುದು, ಕಿವಿಯು ‘ಕತ್–ತೆ’ ಎಂದು ಒಡೆಯುವುದು. ‘ಸೂರ್ಯ’ನಲ್ಲಿ ಮೊದಲು ನುಡಿಯುವ ರಕಾರವು ಬರಹದಲ್ಲಿ ಅರ್ಕಾವೊತ್ತಾಗಿ ಹಿಂದೆ ನಿಲ್ಲುವುದು. ಆದಕಾರಣ ಇಲ್ಲಿ ಕಣ್ಣಿಗಿಂತ ಮೊದಲು ಕಿವಿಯನ್ನು ತಿದ್ದತಕ್ಕದ್ದು. ‘ಅಕ್–ಕ’, ‘ಹಕ್–ಕಿ’, ‘ಕತ್–ತೆ’ ಎಂದು ಎರಡೆರಡು ಚಪ್ಪಾಳೆಗಳೊಡನೆ ನುಡಿಸಿ, ಅನಂತರ ಹಲಗೆಯ ಮೇಲೆ ಬರೆದು ತೋರಿಸಬೇಕು. ‘ಕತೆ–ಕತ್ತೆ’, ‘ಹಳಿ–ಹಳ್ಳಿ’, ‘ಬಳೆ–ಬಾಳೆ’ಗಳನ್ನು ಜೋಡಿಯಾಗಿ ಓದಿಸಿದರೆ ಒಂದು ಒತ್ತು, ಒಂದು ದೀರ್ಘ ಎಷ್ಟು ಅರ್ಥವನ್ನು ಹೊತ್ತಿರುವುದೆಂಬುದು ಮಗುವಿಗೆ ತಾನಾಗಿ ತಿಳಿಯುವುದು.

ಮೂರನೆಯ ತರಗತಿಯ ಕೊನೆಗೆ ಪ್ರತಿಯೊಂದು ಮಗುವೂ ಅರ್ಥವರಿತು ಓದಬೇಕೆಂದು 2021ರಲ್ಲಿ ಕೇಂದ್ರ ಸರ್ಕಾರವು ‘ನಿಪುಣ ಭಾರತ’ ಯೋಜನೆಯಲ್ಲಿ ಸಾರಿತು. ಸಾರಿದ ಮಾತ್ರಕ್ಕೆ ಸಾಧಿಸಿದಂತಾಗದು. ಶಾಲೆಗೆ ಭೇಟಿಯೀಯುವ ಅಧಿಕಾರಿಗಳು ವರ್ಣಮಾಲೆಯನ್ನು ಒಪ್ಪಿಸಿಕೊಂಡು ತೃಪ್ತರಾಗದೆ, ಪಾಠದಲ್ಲಿಲ್ಲದ ಹತ್ತು ಎರಡಕ್ಷರದ ಶಬ್ದಗಳನ್ನು ಬರೆದು ಓದಿಸಲಿ. ಇಂಗ್ಲಿಷ್ ಶಾಲೆಗಾಗಿ ಹಾತೊರೆಯುವ ತಂದೆತಾಯಿಗಳೂ ಒಂದನ್ನು ಮನಗಾಣಲಿ: ಆಡುವ ನುಡಿಯಲ್ಲಿ ಎರಡಕ್ಷರವನ್ನು ಕೂಡಿಸಲರಿಯದ ಮಗುವಿನ ಮೇಲೆ ಅರಿಯದ ನುಡಿಯ ಒಗಟನ್ನು ಹೇರುವುದು ಅನ್ಯಾಯ. ಓದಬಲ್ಲ ಪ್ರಜೆಗಳಿಲ್ಲದೆ ಸ್ವರಾಜ್ಯವು ಹೆಸರಿಗೆ ಮಾತ್ರ ಉಳಿದೀತು. ಆ ಓದಿನ ಹೊಸ್ತಿಲು ಎರಡಕ್ಷರದಲ್ಲಿದೆ.